ಬಣ್ಣಕ್ಕಿಂತ ಮೊದಲು ಬೆಳಕು

ಹೆಣಿಗೆಯೆಂದರೆ ಹೆಂಗಸರು ಹೊತ್ತು ಕಳೆಯುವ ಕೆಲಸವೆಂದೂ, ಬಣ್ಣ ಆರಿಸುವುದು ಅವರವರ ಅಭಿರುಚಿಗೆ ಬಿಟ್ಟ ವಿಷಯವೆಂದೂ ನಮ್ಮಲ್ಲಿ ಅನೇಕರ ಎಣಿಕೆ. ಹೆಣ್ಣು ನೋಡಲು ಬಂದವರು ‘ಹಾಡು ಬರುತ್ತದೆಯೇ, ಹೆಣಿಗೆ ಬರುತ್ತದೆಯೇ’ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದ ಕಾಲದಿಂದ ಈ ಎಣಿಕೆ ಬೆಳೆದು ಬಂದಿರಬೇಕು. ಆದರೆ ಬಣ್ಣದ ಸ್ವೆಟರೊಂದರಲ್ಲಿ ಕೈಗಿಂತ ಮೊದಲು ಕೆಲಸ ಮಾಡಬೇಕಾದದ್ದು ವಿವೇಚನೆ ಎಂಬುದು ನನ್ನ ಅಭಿಮತ. ಅದನ್ನು ಸಹಪಾಠಿ ಮಿತ್ರರ ಹಾಗೂ ಅಧ್ಯಾಪಕರ ಮುಂದಿಡಲು ಬಯಸುತ್ತೇನೆ.

ಈ ಹೆಣಿಗೆಯ ಕ್ರಮ ಸರಳವಾದದ್ದು. ಒಂದು ಸಾಲಿಗೆ ಎರಡು ನೂಲು. ಬೇಕಾದದ್ದು ಮುಂದೆ ಬಂದು ಕುಣಿಕೆಯಾಗುತ್ತದೆ. ಬೇಡವಾದದ್ದು ಹಿಂಬದಿಯಲ್ಲಿ ಹಾಯ್ದು ತನ್ನ ಸರದಿಗಾಗಿ ಕಾಯುತ್ತದೆ. ಸ್ಕಾಟ್ಲೆಂಡಿನ ಉತ್ತರದ ಕಡಲಿನಲ್ಲಿರುವ ಫೇರ್ ಐಲ್ ಎಂಬ ಪುಟ್ಟ ದ್ವೀಪದ ಹೆಸರೇ ಇದಕ್ಕೆ ನಿಂತಿದೆ. ಮುಂದೆ ಎಂಟನೆಯ ಎಡ್ವರ್ಡ್ ದೊರೆಯಾದ ಇಂಗ್ಲೆಂಡಿನ ಯುವರಾಜರು 1920ರ ದಶಕದಲ್ಲಿ ಅಂಥ ಸ್ವೆಟರನ್ನು ತೊಟ್ಟು ಗಾಲ್ಫ್ ಆಡಿದ ಮೇಲೆ ಅದು ಎಲ್ಲೆಡೆ ಹಬ್ಬಿತು. ಆ ಸ್ವೆಟರಿನಲ್ಲಿ ಎಷ್ಟೇ ಬಣ್ಣಗಳಿದ್ದರೂ ಒಂದು ಸಾಲಿನಲ್ಲಿ ಎರಡನ್ನು ಮೀರುವುದಿಲ್ಲ. ಆ ಸಂಯಮದಲ್ಲೇ ಅದರ ಸೊಗಸಿದೆ.

ಅಂಗಡಿಗೆ ಹೋದ ನಾವಾದರೋ ಕೆಂಪು, ಹಸಿರು ಲಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹಿಗ್ಗುತ್ತೇವೆ. ಹೆಣೆದು ಮುಗಿಸಿ ಹತ್ತು ಅಡಿ ದೂರದಿಂದ ನೋಡಿದರೆ ಹೂವೂ ಇಲ್ಲ, ಬಳ್ಳಿಯೂ ಇಲ್ಲ. ಎಲ್ಲ ಒಂದೇ ಕೆಸರು. ಎರಡೂ ಸಮನಾಗಿ ಗಾಢವಾಗಿದ್ದುದೇ ಇದಕ್ಕೆ ಕಾರಣ. ಒಂದು ತಿಳಿಯಾಗಿ ಇನ್ನೊಂದು ಗಾಢವಾಗಿದ್ದರೆ ಮಾತ್ರ ಚಿತ್ತಾರ ಎದ್ದು ಕಾಣುತ್ತದೆ. ಎರಡೂ ನೂಲುಗಳನ್ನು ಹುರಿ ಮಾಡಿ ಕಣ್ಣನ್ನು ಅರ್ಧ ಮುಚ್ಚಿ ನೋಡಬೇಕು. ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಬೇಕು. ಆಗಲೂ ಬೇರೆ ಬೇರೆಯಾಗಿ ಕಂಡರೆ ಧೈರ್ಯವಾಗಿ ಕೊಳ್ಳಬಹುದು.

ತೊಣ್ಣೂರಿನವರಾದ ನಮಗೆ ಈ ಪಾಠವನ್ನು ಊರ ಕೆರೆಯೇ ಹೇಳಿಕೊಡುತ್ತದೆ. 18ನೆಯ ಶತಮಾನದಲ್ಲಿ ನಾಸಿರ್ ಜಂಗನು ‘ಮೋತಿ ತಲಾಬ್’ ಎಂದು ಹೆಸರಿಟ್ಟನೆಂದು ಹೇಳುವ ತಿಳಿನೀರಿನ ಕೆರೆ ಅದು. ಹಗಲಿನಲ್ಲಿ ಏರಿಯ ಮೇಲೆ ನಿಂತರೆ ಗುಡ್ಡದ ಕಂದು, ತೆಂಗಿನ ಹಸಿರು, ನೀರಿನ ನೀಲಿ ಎಲ್ಲ ಬೇರೆ ಬೇರೆ. ಮುಸ್ಸಂಜೆಯಾಗಲಿ, ಗುಡ್ಡವೂ ತೆಂಗೂ ಒಂದೇ ಕಪ್ಪಾಗುತ್ತವೆ, ಆಕಾಶದ ಬೆಳಕನ್ನು ಹಿಡಿದ ನೀರು ಮಾತ್ರ ಉಳಿಯುತ್ತದೆ.

ಇದು ಬರಿಯ ಸೌಂದರ್ಯದ ಪ್ರಶ್ನೆಯೂ ಅಲ್ಲ. ನಮ್ಮ ತಾತ ಇಂದಿಗೂ ರಾತ್ರಿ ಕರೆಂಟು ಬಂದಾಗ ಗದ್ದೆಗೆ ನೀರು ಹಾಯಿಸಲು ಹೋಗುತ್ತಾರೆ. ಹೆಗಲ ಮೇಲೆ ಕರಿ ಕಂಬಳಿ. ಹಾದಿಯಲ್ಲಿ ಹಿಂದೆ ದೀಪವಿಲ್ಲದೆ, ಮುಂದೆ ಮಂಕು ದೀಪದಲ್ಲಿ ಬರುವ ಕಬ್ಬಿನ ಟ್ರಾಕ್ಟರುಗಳು. ಅವರಿಗೊಂದು ಸ್ವೆಟರ್ ಹೆಣೆಯುತ್ತೇನೆಂದಾಗ, “ಗದ್ದೇಲಿರೋನ್ಗೆ ಬಣ್ಣ ಯಾಕವ್ವ, ಕರೀದೇ ಇರ್ಲಿ” ಎಂದರು. ಮನೆಯವರು ಕೆಂಪು ಪಟ್ಟಿ ಹಾಕೆಂದರು. ಆದರೆ ಬೆಳಕು ಕುಂದಿದಂತೆ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪೇ. ಇದನ್ನು 19ನೆಯ ಶತಮಾನದ ಆರಂಭದಲ್ಲಿ ಗುರುತಿಸಿದ ಪರ್ಕಿನ್ಯೆ ಎಂಬ ವಿಜ್ಞಾನಿಯ ಹೆಸರನ್ನೇ ಈ ಸಂಗತಿಗೆ ಇಟ್ಟಿದ್ದಾರೆ. ಆದ್ದರಿಂದ ತಾತನ ಮಾತಿನಂತೆ ಮೈಯೆಲ್ಲ ಕರಿದು. ಎದೆಗೂ ಬೆನ್ನಿಗೂ ಗೇಣಗಲದ ಬಿಳಿ ಪಟ್ಟಿ, ಅದರೊಳಗೆ ಕರಿಯ ಸಣ್ಣ ಹೂಗಳು. ಕರಿ, ಬಿಳಿ, ಕಂದು ಎಂದು ಕುರಿಯ ಮೈಬಣ್ಣಗಳಿಂದಲೇ ಕಂಬಳಿ ನೇಯುವ ನಮ್ಮ ನೇಕಾರರೂ ಇದನ್ನು ಒಪ್ಪಿಯಾರು.

ಹೊಸಬರಿಗೆ ಒಂದೆರಡು ಮಾತು. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವುದು ಬಹುಮಟ್ಟಿಗೆ ಅಕ್ರಿಲಿಕ್. ಚೀಟಿ ಓದಿ ಕೊಳ್ಳಿರಿ. ಒಟ್ಟಿಗೆ ಬಣ್ಣ ಹಾಕಿದ ಲಡಿಗಳಿಗೆ ಚೀಟಿಯಲ್ಲಿ ಒಂದೇ ಸಂಖ್ಯೆ ಇರುತ್ತದೆ. ಬೇಕಾದಷ್ಟನ್ನು ಒಮ್ಮೆಗೇ ತನ್ನಿರಿ. ಅಂಗೈಯಗಲದ ತುಂಡೊಂದನ್ನು ಹೆಣೆದು ಒಗೆದು, ಬಣ್ಣ ಬಿಡುವುದೋ ನೋಡಿರಿ. ಹಿಂಬದಿಯಲ್ಲಿ ಹಾಯುವ ನೂಲು ಒಂದು ಅಂಗುಲವನ್ನು ಮೀರದಿರಲಿ, ಬಿಗಿಯಾಗದಿರಲಿ. ಬಿಗಿದರೆ ಬಟ್ಟೆ ಮುದುಡುತ್ತದೆ. ಉದ್ದವಾದರೆ ತೊಡುವಾಗ ಮುದುಕರ ಬೆರಳು ಸಿಕ್ಕಿಕೊಳ್ಳುತ್ತದೆ.

ಬೈಲುಕುಪ್ಪೆಯಂಥ ಕಡೆಗಳಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟ್ಟಿನವರು ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುತ್ತಾರೆ. ಅವು ಹೆಚ್ಚಾಗಿ ಲುಧಿಯಾನದ ಯಂತ್ರಗಳಲ್ಲಿ ತಯಾರಾದವು. ಅಗ್ಗವಾಗಿ ಸಿಗುವಾಗ ಎರಡು ತಿಂಗಳು ಕಡ್ಡಿ ಹಿಡಿಯುವುದೇಕೆಂದು ಕೇಳಬಹುದು. ಚಳಿಗಷ್ಟೇ ಆದರೆ ಅವನ್ನು ಧಾರಾಳವಾಗಿ ಕೊಳ್ಳೋಣ. ಆದರೆ ತೊಡುವವರು ಯಾವ ಹಾದಿಯಲ್ಲಿ, ಯಾವ ಹೊತ್ತಿನಲ್ಲಿ ನಡೆಯುತ್ತಾರೆಂಬುದು ಯಂತ್ರಕ್ಕೆ ತಿಳಿಯದು.

ಆದಕಾರಣ ನಮ್ಮ ಕಾಲೇಜಿನಲ್ಲಿ ವಾರಕ್ಕೊಂದು ಗಂಟೆ ಹೆಣಿಗೆಗೆ ಮೀಸಲಾಗಲಿ ಎಂಬುದು ನನ್ನ ಸಲಹೆ. ಗಂಡುಹುಡುಗರೂ ಬರಲಿ, ಕಂಬಳಿಯ ಮಗ್ಗದಲ್ಲಿ ಕೂರುವವರು ಗಂಡಸರೇ ಅಲ್ಲವೇ? ಬರುವಾಗ ಪ್ರತಿಯೊಬ್ಬರೂ ಒಂದು ತಿಳಿ, ಒಂದು ಗಾಢ ಉಂಡೆಯನ್ನು ತಂದರೆ ಸಾಕು.