ಮುಳುಗುಗಾರನ ಉಸಿರೂ ಊರವರ ಬಾಯೂ

ಮಗನು ಗೆಳೆಯರೊಡನೆ ನೇತ್ರಾಣಿಗೆ ಹೋಗಿ ಕಡಲಲ್ಲಿ ಮುಳುಗಬೇಕೆನ್ನುತ್ತಾನೆ, ಕಳುಹಿಸಬಹುದೇ ಎಂದು ಹುಬ್ಬಳ್ಳಿಯ ವಾಚಕಿಯೊಬ್ಬರು ಕೇಳಿದ್ದಾರೆ. ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರು ದೂರದ ಆ ದ್ವೀಪದ ಬಳಿ, ಮಳೆಗಾಲವೊಂದನ್ನುಳಿದು, 'ಸ್ಕೂಬಾ' ಎಂಬ ಈ ವಿನೋದವು ನಡೆಯುತ್ತದೆ. ಕಳುಹಿಸಬಹುದು, ಆದರೆ ಸಲಕರಣೆಯ ಮರ್ಮವನ್ನು ಮನೆಯವರೂ ಅರಿತಿರತಕ್ಕದ್ದು.

ಬೆನ್ನಿನ ಮೇಲಿನ ಸಿಲಿಂಡರಿನಲ್ಲಿ ನಾವು ನಿತ್ಯ ಸೇವಿಸುವ ಗಾಳಿಯನ್ನೇ ವಾತಾವರಣದ ಸುಮಾರು 200 ಪಟ್ಟು ಒತ್ತಡದಿಂದ ತುಂಬಿರುತ್ತಾರೆ. ಅದನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸಮಮಾಡಿ ಬಾಯಿಗೆ ಬೇಕಾದಷ್ಟೇ ಬಿಡುವ ಯಂತ್ರವನ್ನು 1943ರಲ್ಲಿ ಫ್ರಾನ್ಸಿನ ಕುಸ್ತೋ, ಗಾನ್ಯಾ ಎಂಬಿಬ್ಬರು ಸಿದ್ಧಪಡಿಸಿದರು. 10 ಮೀಟರು ಇಳಿದರೆ ಒತ್ತಡವು ಇಮ್ಮಡಿ. ಅಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಹಿಗ್ಗಿ ಇಮ್ಮಡಿಯಾಗುತ್ತದೆ. ಏರುವಾಗ ಉಸಿರು ಬಿಗಿಹಿಡಿದವನ ಶ್ವಾಸಕೋಶವು ಬಿರಿದೀತು. ಕುಂಭಕವನ್ನು ಕೊಂಡಾಡುತ್ತ ಬಂದ ನಮ್ಮಂಥವರಿಗೆ ವಿಚಿತ್ರವೆನಿಸಬಹುದು. ಅಲ್ಲಿ ಮಾತ್ರ ಕುಂಭಕವು ವರ್ಜ್ಯ.

ಎಲ್ಲಿಯಾದರೂ ಅವಘಡವಾದೊಡನೆ 'ಆಮ್ಲಜನಕದ ಸಿಲಿಂಡರು ಕೈಕೊಟ್ಟಿತು' ಎಂಬ ಸುದ್ದಿ ಹುಟ್ಟುವುದುಂಟು. ಶುದ್ಧ ಆಮ್ಲಜನಕವು ಸುಮಾರು 6 ಮೀಟರಿಗಿಂತ ಕೆಳಗೆ ವಿಷವಾಗಬಲ್ಲುದೆಂದು ಬಲ್ಲವರು ಹಾಗೆ ಬರೆಯಲಾರರು. ಇದು ಬರಿಯ ಶಬ್ದದ ಜಗಳವಲ್ಲ. ನಿಜವಾದ ಕಾರಣ ತಿಳಿಯಬೇಕಾದರೆ ಸಲಕರಣೆಯನ್ನು ಇದ್ದಂತೆಯೇ ಕಾದಿಟ್ಟು, ಅದರಲ್ಲಿ ಉಳಿದ ಗಾಳಿಯನ್ನು ಕೂಡ ಪರೀಕ್ಷಿಸಬೇಕಾಗುತ್ತದೆ. ಅದಕ್ಕೆ ದಿನಗಳು ಹಿಡಿಯುತ್ತವೆ. ಸುದ್ದಿಗೆ ಗಳಿಗೆ ಸಾಕು. ಅಷ್ಟರೊಳಗೆ ಸಲಕರಣೆ ಕೊಟ್ಟವನು ಕೊಲೆಗಾರನೆನಿಸಿರುತ್ತಾನೆ, ಇಲ್ಲವೆ ಸತ್ತವನು ಮೂರ್ಖನೆನಿಸಿರುತ್ತಾನೆ.

ವಿನೋದಕ್ಕಲ್ಲದೆ ಕರ್ತವ್ಯಕ್ಕಾಗಿ ಮುಳುಗುವವರ ಪಾಡು ಇನ್ನೂ ಕಠಿಣ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಕುಸಿದು, ಕೇರಳದ ಚಾಲಕನೊಬ್ಬನು ಲಾರಿಸಹಿತ ಗಂಗಾವಳಿಯ ಪಾಲಾದನು. ಆ ಹೊಳೆ ನಮಗೆ ಪರಕೀಯವಲ್ಲ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರೂ ಅದರಲ್ಲಿದೆ. ನೌಕಾದಳದವರು ಬಂದರು, ಮಲ್ಪೆಯ ಈಶ್ವರ ಮಲ್ಪೆಯವರು ಬಂದರು. ಕೆಸರು ನೀರಿನಲ್ಲಿ ಕಣ್ಣು ಕಾಣದು, ಸೆಳವು ಕಾಲೂರಗೊಡದು. ದಂಡೆಯ ಮೇಲೆ ಮಾತ್ರ ಕ್ಯಾಮರಾಗಳ ಸಂತೆ. ಹೊಳೆಯ ಸೆಳವು ಇಳಿಯುವವರೆಗೆ ಕಾಯುವುದು ಹೇಡಿತನವಲ್ಲವೆಂದು ಆ ಸಂತೆಗೆ ತಿಳಿಹೇಳುವವರಾರು? ಗೋವೆಯಿಂದ ಹೂಳೆತ್ತುವ ಯಂತ್ರವನ್ನು ತಂದ ಬಳಿಕ, ಸೆಪ್ಟೆಂಬರ 25ರಂದು ಲಾರಿಯೂ ಅದರೊಳಗೆ ಶವವೂ ದೊರೆತವು.

ಅಲ್ಲಿಗೂ ಮುಗಿಯಲಿಲ್ಲ. ತಮ್ಮ ದುಃಖವನ್ನು ಪ್ರಚಾರಕ್ಕೆ ಬಳಸಿಕೊಳ್ಳಲಾಗುತ್ತಿದೆಯೆಂದು ಮನೆಯವರೇ ಅಕ್ಟೋಬರಿನಲ್ಲಿ ಪತ್ರಕರ್ತರ ಮುಂದೆ ಹೇಳಿಕೊಳ್ಳಬೇಕಾಯಿತು. ಹೇಳಿದ್ದೇ ತಡ, ಅಂತರ್ಜಾಲದಲ್ಲಿ ಅವರ ಮೇಲೆಯೇ ನಿಂದೆಯ ಮಳೆ! ಆ ನಿಂದೆಯನ್ನು ಬರೆದ ಬೆರಳುಗಳು ಬಹುಶಃ ನಮ್ಮ ನಿಮ್ಮಂಥ ಗೃಹಸ್ಥರವೇ.

ನಮ್ಮ ವಾಚಕಿಯವರು ಒಂದು ಕೆಲಸ ಮಾಡಬೇಕು. ಬೇಡದ್ದೇನಾದರೂ ನಡೆದರೆ ಹೊರಗಿನವರೊಡನೆ ಮಾತನಾಡತಕ್ಕವರು ಮನೆಯಲ್ಲಿ ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ಅಪಶಕುನವೆಂದು ಅಜ್ಜಿಯರು ಗದರಿದರೂ ಚಿಂತೆಯಿಲ್ಲ. ಹುಡುಗನಿಗೆ ಉಬ್ಬಸದ ಬೇನೆಯಿದ್ದರೆ ವೈದ್ಯರನ್ನು ಕೇಳದೆ ಕಳುಹಿಸತಕ್ಕದ್ದಲ್ಲ. ಆ ದಿನ ನೆಗಡಿಯಿದ್ದರೂ ನೀರಿಗಿಳಿಯುವುದು ಬೇಡ. ಕಿವಿಯ ತಮಟೆ ಹರಿದೀತು.