ಮಜ್ಜಿಗೆ ಕೇಳಿದರೆ ವಿಸ್ಕಿಯ ಉತ್ತರ

ಕನಕಪುರ ರಸ್ತೆ, ಮಾಗಡಿ ರಸ್ತೆ, ಹಳೇ ಮೈಸೂರು ರಸ್ತೆ. ಈ ಮೂರರಲ್ಲಿ ಯಾವುದನ್ನು ಹಿಡಿದು ಬೆಂಗಳೂರಿನಿಂದ ಹೊರಬಿದ್ದರೂ ಈಗ ಬೆಟ್ಟದ ಬುಡಕ್ಕೊಂದು, ಕೆರೆ ಏರಿಗೊಂದು ರೆಸಾರ್ಟ್ ಸಿಗುತ್ತದೆ. ಎಷ್ಟೋ ಗೇಟುಗಳ ಮೇಲೆ ಒಂದೇ ಬೋರ್ಡು: ‘ಹೊರಗಿನ ಆಹಾರ, ಪಾನೀಯಕ್ಕೆ ಪ್ರವೇಶವಿಲ್ಲ.’ ಅದರಲ್ಲಿ ಆಹಾರದ ಮಾತನ್ನು ನಾನು ಒಪ್ಪುತ್ತೇನೆ. ಒಬ್ಬ ಅಡುಗೆಮನೆ ನಡೆಸುತ್ತಿರುವಾಗ ಅವನ ಟೇಬಲ್ಲಿನ ಮೇಲೆ ಇನ್ನೊಬ್ಬನ ಬಿರಿಯಾನಿ ಪೊಟ್ಟಣ ಬಿಚ್ಚುವುದು ಮರ್ಯಾದೆಯಲ್ಲ. ನನ್ನ ತಕರಾರು ಪಾನೀಯದ್ದು, ಅದರಲ್ಲೂ ಮದ್ಯವಲ್ಲದ ಪಾನೀಯದ್ದು. ದುಡ್ಡು ಕೊಟ್ಟು ಊಟಕ್ಕೆ ಕೂತವರು ತಮ್ಮ ನೀರು, ಮಜ್ಜಿಗೆ, ಎಳನೀರು, ರಾಗಿ ಅಂಬಲಿ, ಕಷಾಯ ತಂದುಕೊಂಡಿದ್ದರೆ ಗೇಟಿನಲ್ಲಿ ಕಿತ್ತಿಡಬೇಡಿ. ನಷ್ಟವಾಗುತ್ತದೆ ಅನ್ನಿಸಿದರೆ ಲೋಟಕ್ಕೆ, ಟೇಬಲ್ಲಿಗೆ ಇಂತಿಷ್ಟು ಎಂದು ದರ ಬರೆದು ಹಾಕಿ, ತೆಗೆದುಕೊಳ್ಳಿ. ಕೇಳಿಕೆ ಇಷ್ಟೇ. ಇಷ್ಟಕ್ಕೇ ಉದ್ಯಮದ ಕಡೆಯಿಂದ ಬರುವ ಉತ್ತರಗಳು ಒಂದು ಬುಟ್ಟಿ ಇವೆ. ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಯಾರ ಮಾತು ನಿಲ್ಲುತ್ತದೆ ಎಂಬುದನ್ನು ಓದುಗರೇ ಹೇಳಲಿ.

ಮೊದಲು ಬರುವುದು ಸುಪ್ರೀಂ ಕೋರ್ಟು. ‘ನಮ್ಮ ಜಾಗ, ನಮ್ಮ ನಿಯಮ. 2023ರಲ್ಲೇ ತೀರ್ಪಾಗಿದೆ’ ಎನ್ನುತ್ತಾರೆ. ಆಗಿದೆ, ನಿಜ. 2023ರ ಜನವರಿ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಅವರ ಪೀಠವು ಜಮ್ಮು ಮತ್ತು ಕಾಶ್ಮೀರ ಹೈಕೋರ್ಟಿನ 2018ರ ಆದೇಶವನ್ನು ತಳ್ಳಿಹಾಕಿ, ಹೊರಗಿನ ತಿಂಡಿ ಪಾನೀಯ ಬೇಡವೆನ್ನುವ ಹಕ್ಕು ಚಿತ್ರಮಂದಿರದ ಮಾಲೀಕನಿಗಿದೆ ಎಂದಿತು. ಆದರೆ ಚಿತ್ರಮಂದಿರಗಳು ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡುತ್ತವೆ, ಹಸುಗೂಸುಗಳ ಆಹಾರಕ್ಕೆ ಅಡ್ಡಿಯಿಲ್ಲ ಎಂಬ ಮಾತೂ ಅದೇ ಪ್ರಕರಣದಲ್ಲಿ ದಾಖಲಾಗಿದೆ. ತೀರ್ಪಿನ ಒಂದು ತುಂಡನ್ನು ಬೋರ್ಡಿಗೆ ಅಂಟಿಸಿಕೊಂಡವರು ಉಚಿತ ನೀರಿನ ತುಂಡನ್ನು ಎಲ್ಲಿಟ್ಟರು? ಊಟದ ಹಾಲಿನಲ್ಲಿ ಹುಡುಕಿದರೆ ಫಿಲ್ಟರ್ ನೀರಿನ ಜಗ್ಗು ಯಾವುದೋ ಮೂಲೆಯಲ್ಲಿ ಖಾಲಿಯಾಗಿ ಕೂತಿರುತ್ತದೆ. ಕೇಳಿದರೆ ಬರುವುದು ಸೀಲ್ ಬಾಟಲಿ, ಬಿಲ್ಲಿನ ಜೊತೆ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ. ಸಿನಿಮಾ ಮೂರು ಗಂಟೆಯದು, ಮುಗಿದರೆ ಎದುರಿನ ಅಂಗಡಿಯಲ್ಲಿ ಏನು ಬೇಕಾದರೂ ಕುಡಿಯಬಹುದು. ಸಾವನದುರ್ಗದ ತಪ್ಪಲಿನಲ್ಲಿ ಒಂದು ಹಗಲು ಒಂದು ರಾತ್ರಿ ಉಳಿದವರಿಗೆ ಎದುರಿನ ಅಂಗಡಿ ಎಲ್ಲಿಂದ ಬರಬೇಕು? ಕೋರ್ಟು ಮಾಲೀಕನಿಗೆ ಒಂದು ಅಧಿಕಾರವಿದೆ ಎಂದಿತೇ ಹೊರತು ಅದನ್ನು ಬಾಯಾರಿದವರ ಮೇಲೆ ಚಲಾಯಿಸುವುದು ಒಳ್ಳೆಯ ಕೆಲಸ ಎಂದು ಪ್ರಮಾಣಪತ್ರ ಕೊಡಲಿಲ್ಲ.

ಎರಡನೆಯದು ಬೆಲೆಯ ವಾದ. ಇದು ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ಇದನ್ನು ಕೆಡವಲು ಹೊರಗಿನವರು ಬೇಕಿಲ್ಲ. ನೀರಿನ ಬಾಟಲಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಏಕೆ ಎಂದು ಕೇಳಿದರೆ ಮಾಲೀಕರು 2017ರ ಡಿಸೆಂಬರ್ 12ರ ಇನ್ನೊಂದು ತೀರ್ಪನ್ನು ಮುಂದಿಡುತ್ತಾರೆ. ಹೋಟೆಲ್ ಒಕ್ಕೂಟ ಮತ್ತು ಕೇಂದ್ರ ಸರ್ಕಾರದ ನಡುವಿನ ಆ ಪ್ರಕರಣದಲ್ಲಿ ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ಪೀಠ, ಹೋಟೆಲಿನಲ್ಲಿ ಕೊಡುವ ನೀರಿನ ಬಾಟಲಿಗೆ ಗರಿಷ್ಠ ಮಾರಾಟ ಬೆಲೆಯ ಕಟ್ಟುಪಾಡಿಲ್ಲ ಎಂದು ಹೇಳಿತು. ತರ್ಕ ಸರಳ: ಗಿರಾಕಿ ಅಲ್ಲಿಗೆ ಬರೀ ನೀರು ಕೊಳ್ಳಲು ಹೋಗುವುದಿಲ್ಲ, ಕುರ್ಚಿ, ಮೇಜು, ಪರಿಚಾರಕ, ವಾತಾವರಣ ಎಲ್ಲಕ್ಕೂ ಸೇರಿಸಿ ಕೊಡುತ್ತಾನೆ. ಆಗಲಿ, ಒಪ್ಪಿದೆ. ಹಾಗಾದರೆ ನೀವು ಮಾರುತ್ತಿರುವುದು ಸೇವೆ, ನೀರಲ್ಲ. ನಾನು ನನ್ನ ನೀರು ತಂದು ನಿಮ್ಮ ಸೇವೆಗೆ ದುಡ್ಡು ಕೊಡುತ್ತೇನೆ ಎಂದರೆ ಕುಣಿದು ಒಪ್ಪಬೇಕಲ್ಲವೇ? ಬಾಟಲಿ ಕೊಳ್ಳುವ, ತಣ್ಣಗಿಡುವ ಖರ್ಚೂ ಉಳಿಯಿತು. ಆದರೆ ಆ ಕ್ಷಣದಲ್ಲಿ ವಾದ ಮಗುಚಿಕೊಳ್ಳುತ್ತದೆ. ‘ಇಲ್ಲ ಇಲ್ಲ, ನೀರು ನಮ್ಮ ಹತ್ತಿರವೇ ತಗೊಳ್ಳಬೇಕು!’ ಬಿಲ್ಲು ಬರೆಯುವಾಗ ನೀರು ಸೇವೆ, ಗೇಟಿನಲ್ಲಿ ನೀರು ಸರಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಸೇವೆಯಾದರೆ ಹೊರಗಿನ ಪಾನೀಯದ ಶುಲ್ಕ, ಅಂದರೆ ಕಾರ್ಕೇಜ್, ತೆಗೆದುಕೊಂಡು ಒಳಗೆ ಬಿಡಲಿ, ಸರಕಾದರೆ ಮುದ್ರಿತ ಬೆಲೆಗೆ ಕೊಡಲಿ. ಚನ್ನಪಟ್ಟಣಕ್ಕೆ ಹೋಗುವ ರೈಲಿನಲ್ಲಿ ಒಂದು ಲೀಟರ್ ರೈಲ್ ನೀರ್‌ಗೆ 2025ರ ಸೆಪ್ಟೆಂಬರ್ 22ರಿಂದ 14 ರೂಪಾಯಿ. ರೈಲ್ವೆಯವರು ಕೂರಲು ಸೀಟು ಕೊಡುತ್ತಾರೆ, ಕಿಟಕಿಯಾಚೆ ರಾಮದೇವರ ಬೆಟ್ಟವನ್ನೂ ತೋರಿಸುತ್ತಾರೆ. ವಾತಾವರಣಕ್ಕೆಂದು ನೀರಿನ ಮೇಲೆ ಏರಿಸಿಲ್ಲ.

ಶುಚಿತ್ವದ ವಾದಕ್ಕೆ ಹೆಚ್ಚು ಹೊತ್ತು ಬೇಡ. ‘ಹೊರಗಿನದು ಕುಡಿದು ಹೊಟ್ಟೆ ಕೆಟ್ಟರೆ ನಮ್ಮ ಹೆಸರು ಕೆಡುತ್ತದೆ’ ಎನ್ನುತ್ತಾರೆ. ಹುಟ್ಟುಹಬ್ಬದ ಕೇಕು ಯಾವುದೋ ಬೇಕರಿಯಿಂದ ಬಂದಾಗ ಈ ಕಾಳಜಿ ರಜೆಯ ಮೇಲಿರುತ್ತದೆ. ಕೇಕ್ ಕತ್ತರಿಸಲು ಚಾಕು ತಂದುಕೊಡುವವರೂ ಅವರೇ. ಕನಕಪುರದ ಶಿವನಹಳ್ಳಿಯಲ್ಲಿ ನಂದಿನಿ ಹಾಲು ಮಾರುವ ಬೆಂಗಳೂರು ಹಾಲು ಒಕ್ಕೂಟ ಬಮೂಲ್‌ನ ದೊಡ್ಡ ಡೇರಿ ಇದೆ. ಅದೇ ತಾಲ್ಲೂಕಿನ ಗೇಟಿನಲ್ಲಿ ಸೀಲು ಒಡೆಯದ ನಂದಿನಿ ಮಜ್ಜಿಗೆ ಪ್ಯಾಕೆಟ್ಟು ಸಂಶಯಾಸ್ಪದ ವಸ್ತು! ಎಳನೀರಿಗೆ ಅಪಾಯ ಯಾವ ಕಡೆಯಿಂದ ನುಗ್ಗುತ್ತದೆ ಎಂಬುದನ್ನಂತೂ ಇದುವರೆಗೆ ಯಾರೂ ವಿವರಿಸಿಲ್ಲ.

ಇನ್ನು ಎಲ್ಲಕ್ಕಿಂತ ಗಟ್ಟಿ ದನಿಯಲ್ಲಿ ಬರುವ ಉತ್ತರ: ಅಬಕಾರಿ. ‘ನಿಮಗೇನು, ಹೇಳಿಬಿಡುತ್ತೀರಿ. ಜನ ಎಣ್ಣೆ ತಂದು ಕೂರುತ್ತಾರೆ, ಕೇಸು ಬೀಳುವುದು ನಮ್ಮ ಮೇಲೆ.’ ಇದರಲ್ಲಿ ಹುರುಳಿದೆ, ಇಲ್ಲವೆನ್ನಲಾರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಜಾರಿಯಲ್ಲಿದೆ. ಸಿಎಲ್-7, ಸಿಎಲ್-9 ಮುಂತಾದ ಮದ್ಯದ ಸನ್ನದುಗಳಿಗೆ ಅವುಗಳದೇ ಷರತ್ತುಗಳಿವೆ. ಸನ್ನದಿಲ್ಲದ ಡಾಬಾದಲ್ಲಿ ಕುಡಿಯಲು ಜಾಗ ಕೊಟ್ಟವರ ಮೇಲೆ ಪೊಲೀಸರು ಪ್ರಕರಣ ದಾಖಲಿಸುವುದು ಪತ್ರಿಕೆಯ ನಿತ್ಯದ ಸುದ್ದಿ. ಅದಕ್ಕೇ ಮದ್ಯವನ್ನು ನನ್ನ ಕೇಳಿಕೆಯಿಂದ ಮೊದಲೇ ಹೊರಗಿಟ್ಟೆ. ಆದರೂ ಮಜ್ಜಿಗೆಯ ಪ್ರಶ್ನೆಗೆ ವಿಸ್ಕಿಯ ಉತ್ತರವೇ ಏಕೆ ಬರುತ್ತದೆ? ಅಬಕಾರಿ ಕಾಯ್ದೆಯ ಯಾವ ಕಲಮು ರಾಗಿ ಅಂಬಲಿಯನ್ನು ಹಿಡಿಯುತ್ತದೆ?

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಈ ವಾದದ ಹಿತ್ತಲನ್ನೂ ಒಮ್ಮೆ ನೋಡಿ ಬರಬೇಕು. ಸನ್ನದಿಲ್ಲದ ಕೆಲವು ಜಾಗಗಳಲ್ಲಿ ಫೋನು ಮಾಡಿ ವಿಚಾರಿಸಿದರೆ ಕೇಳಿಬರುವ ಮಾತು ಇದು: ‘ಸಾರ್, ನಮ್ಮಲ್ಲಿ ಲೈಸೆನ್ಸ್ ಇಲ್ಲ. ನೀವೇ ತಂದ್ಕೊಳ್ಳಿ, ಗ್ಲಾಸು ಐಸು ನಾವ್ ಕೊಡ್ತೀವಿ.’ ಕಾನೂನು ಎಲ್ಲಿ ಬೇಡವೆನ್ನುತ್ತದೋ ಅಲ್ಲಿ ಹೊರಗಿನ ಬಾಟಲಿಗೆ ಆದರದ ಸ್ವಾಗತ. ಕಾನೂನಿಗೆ ಯಾವ ತಕರಾರೂ ಇಲ್ಲದ ನೀರಿನ ಬಾಟಲಿಗೆ ಗೇಟಿನಲ್ಲೇ ತಡೆ. ಒಗಟು ಬಿಡಿಸುವುದು ಕಷ್ಟವಲ್ಲ. ಎಣ್ಣೆ ತಂದವನು ಸೋಡಾ ಕೊಳ್ಳುತ್ತಾನೆ, ಕಬಾಬು ಹೇಳುತ್ತಾನೆ, ಇನ್ನೊಂದು ಪ್ಲೇಟು ಕಡ್ಲೆಬೀಜದ ಮಸಾಲೆ ಹೇಳುತ್ತಾನೆ. ನೀರು ತಂದವನು ಏನನ್ನೂ ಹೆಚ್ಚಿಗೆ ಹೇಳುವುದಿಲ್ಲ. ಕಾನೂನಿನ ಭಯವೇ ಕಾರಣವಾಗಿದ್ದರೆ ತಡೆ ತಿರುವುಮುರುವಾಗಿರಬೇಕಿತ್ತು.

‘ಐಷಾರಾಮಿ ಹಡಗಿನಲ್ಲೂ ಬಿಡುವುದಿಲ್ಲ ಸ್ವಾಮಿ’ ಎಂಬುದು ಈಚಿನ ಉತ್ತರ. ಮುಂಬೈಯಿಂದ ಕಾರ್ಡೆಲಿಯಾ ಹತ್ತಿ ಗೋವಾ, ಲಕ್ಷದ್ವೀಪದ ಕಡೆ ಹೋಗಿ ಬಂದವರು ಹೆಚ್ಚಿದ್ದಾರಲ್ಲ, ಉದಾಹರಣೆ ಅಲ್ಲಿಂದ ಬರುತ್ತದೆ. ಕಟ್ಟುನಿಟ್ಟಾಗಿ ತಡೆಯುವ ಹಡಗುಗಳೂ ಇವೆ, ಇರಲಿ. ಆದರೆ ಈ ವ್ಯಾಪಾರದಲ್ಲಿ ಲೋಕಕ್ಕೆಲ್ಲ ದೊಡ್ಡಣ್ಣಂದಿರಾದ ಕಂಪನಿಗಳು ಏನು ಮಾಡುತ್ತವೆ? ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡೂ ಹಡಗು ಹತ್ತುವ ದಿನ ವಯಸ್ಕರಿಗೆ ತಲಾ 750 ಮಿಲಿಲೀಟರಿನ ಒಂದು ವೈನ್ ಬಾಟಲಿ ತರಲು ಬಿಡುತ್ತವೆ. ಕಾರ್ನಿವಲ್‌ನಲ್ಲಿ ಅದನ್ನು ಊಟದ ಹಾಲಿಗೆ ತಂದು ತೆರೆಸಿದರೆ ಕಾರ್ಕೇಜ್ ಶುಲ್ಕವಿದೆ. ಎಷ್ಟೆಂದು ಮೊದಲೇ ಬರೆದಿರುತ್ತದೆ. ಇದೇ ಕಾರ್ನಿವಲ್ 2015ರಲ್ಲಿ ನೀರಿನ ಬಾಟಲಿಯನ್ನು ನಿಷೇಧಿಸಿದ್ದೂ ಉಂಟು, ನಮ್ಮ ಮಾಲೀಕರು ಅದನ್ನೇ ಹಿಡಿದುಕೊಳ್ಳಬಹುದು. ಕಾರಣ, ಪ್ರಯಾಣಿಕರು ನೀರಿನ ಬಾಟಲಿಯಲ್ಲಿ ಮದ್ಯ ತುಂಬಿ ಸಾಗಿಸುತ್ತಿದ್ದರು, ತಪಾಸಣೆಗೆ ಹೊತ್ತು ಹಿಡಿಯುತ್ತಿತ್ತು. ಆದರೆ ನಿಷೇಧಿಸಿದ ಕೈಯಲ್ಲೇ ಅದು ಎರಡು ಕೆಲಸ ಮಾಡಿತು. ತಂಪುಪಾನೀಯದ ಡಬ್ಬಿಗಳನ್ನು ಮಿತಿಯೊಳಗೆ ತರಲು ಬಿಟ್ಟಿತು. ಹಡಗಿನ ಕೋಣೆಗೆ ತರಿಸಿಕೊಳ್ಳುವ ನೀರಿನ ಬೆಲೆಯನ್ನು ಇಳಿಸಿತು. ಊಟದ ಮೇಜಿನ ನೀರು ಅಲ್ಲಿ ಹೇಗೂ ಪುಕ್ಕಟೆ. ನಡುಸಮುದ್ರದಲ್ಲಿ, ಇಳಿದು ಹೋಗಲು ದಾರಿಯೇ ಇಲ್ಲದ ಗಿರಾಕಿಗಳ ಮೇಲೆ ಪೂರ್ತಿ ಏಕಸ್ವಾಮ್ಯವಿರುವ ಕಂಪನಿಯೇ ಇಷ್ಟು ಸಡಿಲ ಬಿಟ್ಟಿರುವಾಗ ಮಂಚನಬೆಲೆಯ ದಂಡೆಯಲ್ಲಿ ನಾಲ್ಕು ಎಕರೆ ಇಟ್ಟುಕೊಂಡವರ ಬಿಗಿ ನೋಡಿ ನಗು ಬರುತ್ತದೆ. ಹಡಗಿನ ನಿಯಮ ಬೇಕೆಂದರೆ ಪೂರ್ತಿ ತೆಗೆದುಕೊಳ್ಳಲಿ.

‘ಎಕ್ಸ್‌ಪ್ರೆಸ್‌ವೇ ಬಂದು ನಮ್ಮ ಹೊಟ್ಟೆಗೆ ಹೊಡೆದಿದೆ’ ಎಂಬ ಅಳಲನ್ನು ಮಾತ್ರ ನಾನು ಲೇವಡಿ ಮಾಡಲಾರೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಕಾರುಗಳು ಸೀದಾ ಹೋಗತೊಡಗಿದವು. ಹಳೇ ರಸ್ತೆಯ ತಟ್ಟೆ ಇಡ್ಲಿ ಹೋಟೆಲಿನವರು, ಬೊಂಬೆ ಅಂಗಡಿಯವರು ಪಟ್ಟ ಪಾಡು ಕಣ್ಣಮುಂದಿದೆ. ಆದರೆ ಈ ಅಳಲಿನಿಂದ ಹೊರಡುವ ತೀರ್ಮಾನ ಯಾವುದು? ಅಷ್ಟು ಅಗಲದ ಹೆದ್ದಾರಿ ಬಿಟ್ಟು, ಸರ್ವಿಸ್ ರಸ್ತೆಗೆ ತಿರುಗಿಕೊಂಡು ನಮ್ಮೂರಿಗೇ ಬಂದ ಗಿರಾಕಿ ಹಳೆಯವನಿಗಿಂತ ಅಮೂಲ್ಯ. ಅವನ ಚೀಲ ಬಿಚ್ಚಿಸಿ ಮಗುವಿನ ಫ್ಲಾಸ್ಕು ಮೂಸಿ ನೋಡಿದರೆ ಮುಂದಿನ ಸಲ ಅವನು ಬ್ಲಿಂಕರ್ ಹಾಕುವುದೇ ಇಲ್ಲ. ಅಂದಹಾಗೆ ಈ ಅಳಲು ಒಂದು ಉಪಕಾರ ಮಾಡಿದೆ. ಶುಚಿತ್ವ, ಅಬಕಾರಿ, ಕೋರ್ಟು ಎಂದು ಸುತ್ತಿ ಬಳಸಿ ಹೇಳುತ್ತಿದ್ದ ಕಾರಣ ಲಾಭ ಎಂದು ಇಲ್ಲಿ ನೇರವಾಗಿ ಹೊರಬಿತ್ತು. ಲಾಭ ಬಯಸುವುದು ತಪ್ಪಲ್ಲ. ಅದನ್ನು ದರಪಟ್ಟಿಯಲ್ಲಿ ಬರೆಯದೆ ಬೋರ್ಡಿನ ಹಿಂದೆ ಬಚ್ಚಿಡುವುದು ತಪ್ಪು.

ಪರಿಸರದ ವಾದವೂ ಒಂದಿದೆ: ಬಾಟಲಿ ತಡೆದರೆ ಕಸ ತಪ್ಪುತ್ತದಂತೆ. ಮಾಲೀಕರು ಮಾರುವ ಬಾಟಲಿ ಕುಡಿದ ಮೇಲೆ ಆವಿಯಾಗುತ್ತದೆ ಎಂದು ಅರ್ಥವೇ? ಗೇಟಿನಲ್ಲಿ ತಡೆಸಿಕೊಂಡ ಬಾಟಲಿ ಖಾಲಿಯಾಗುವುದು ಆಚೆ ಜಲಾಶಯದ ದಂಡೆಯಲ್ಲಿ, ಸಂಗಮದ ಮರಳಿನಲ್ಲಿ. ಕಸದ ಚಿಂತೆ ನಿಜವಾಗಿದ್ದರೆ ದಾರಿ ಪಕ್ಕದ ರಾಜ್ಯದಲ್ಲೇ ಇದೆ. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇಲೆ ತಮಿಳುನಾಡಿನ ಸರ್ಕಾರಿ ಮದ್ಯ ಮಾರಾಟ ಸಂಸ್ಥೆ ಟಾಸ್ಮಾಕ್ 2022ರಲ್ಲಿ ನೀಲಗಿರಿಯಲ್ಲಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದುಕೊಟ್ಟರೆ ಮರಳಿಸುವ ಪದ್ಧತಿ ತಂದಿತು. ಗೇಟಿನಲ್ಲಿ ಹಾಗೆಯೇ ಠೇವಣಿ ಇಡಿಸಿಕೊಳ್ಳಿ, ನಾನೂ ಇಟ್ಟು ಬರುತ್ತೇನೆ.

ಕಡೆಗೆ, ಬೇರೆ ಯಾವುದೂ ನಿಲ್ಲದಾಗ ಹೊರಬರುವ ಮಾತು: ‘ಬೇಕಿದ್ದರೆ ಬನ್ನಿ, ಇಲ್ಲದಿದ್ದರೆ ಬೇರೆ ಕಡೆ ಹೋಗಿ. ಒಪ್ಪಿಕೊಂಡೇ ತಾನೇ ಬಂದದ್ದು?’ ಒಪ್ಪಿಕೊಂಡದ್ದು ಯಾವಾಗ? ಮುಂಗಡ ಕಟ್ಟುವಾಗ ಫೋಟೋಗಳಿದ್ದವು, ಈಜುಕೊಳವಿತ್ತು, ನಾಟಿ ಕೋಳಿ ಸಾರು ಮುದ್ದೆಯ ವರ್ಣನೆಯಿತ್ತು. ಎಷ್ಟೋ ಕಡೆ ನೀರಿನ ಷರತ್ತು ಮೊದಲ ಬಾರಿಗೆ ಕಣ್ಣಿಗೆ ಬೀಳುವುದು ಗೇಟಿನಲ್ಲಿ, ಮುಂಗಡ ವಾಪಸು ಬರುವುದಿಲ್ಲ ಎಂಬ ಇನ್ನೊಂದು ಸಾಲಿನ ಜೊತೆ. ಈ ‘ಒಪ್ಪಿಯೇ ಬಂದಿದ್ದಾರೆ’ ಎಂಬ ವಾದವನ್ನು ಇದೇ ಉದ್ಯಮ ಸೇವಾ ಶುಲ್ಕದ ವಿಷಯದಲ್ಲೂ ಮಂಡಿಸಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಸೇವಾ ಶುಲ್ಕವನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸಬಾರದೆಂದು ಮಾರ್ಗಸೂಚಿ ಹೊರಡಿಸಿದಾಗ ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. ಮೆನುವಿನಲ್ಲಿ ಬರೆದಿದ್ದೇವೆ, ಗಿರಾಕಿ ಒಪ್ಪಿದ್ದಾನೆ ಎಂದವು. 2025ರ ಮಾರ್ಚ್ 28ರಂದು ಅರ್ಜಿಗಳು ವಜಾ ಆದವು. ಸೇವಾ ಶುಲ್ಕ ಬೇರೆ, ಮಜ್ಜಿಗೆ ಪ್ಯಾಕೆಟ್ಟು ಬೇರೆ. ಅದನ್ನು ಇದಕ್ಕೆ ಪೂರ್ವನಿದರ್ಶನ ಎಂದು ನಾನು ಹೇಳುತ್ತಿಲ್ಲ. ಬೋರ್ಡು ಹಾಕಿದ ಮಾತ್ರಕ್ಕೆ ಎಲ್ಲವೂ ಒಪ್ಪಂದವಾಗಿಬಿಡುವುದಿಲ್ಲ ಎಂಬುದಷ್ಟೇ ಅದರಿಂದ ಕಲಿಯಬೇಕಾದದ್ದು, ಕಲಿತಂತೆ ಕಾಣುವುದಿಲ್ಲ.

ಓದುಗರಲ್ಲಿ ಕೇಳುವುದು ಒಂದೇ. ಮುಂದಿನ ಸಲ ಕನಕಪುರಕ್ಕೋ ಮಾಗಡಿಗೋ ಕೋಣೆ ಕಾದಿರಿಸುವಾಗ, ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಬರಹದಲ್ಲೇ ಕೇಳಿ: ಊಟದ ಮೇಜಿನಲ್ಲಿ ಕುಡಿಯುವ ನೀರು ಉಚಿತವೇ, ನಮ್ಮ ಮದ್ಯವಲ್ಲದ ಪಾನೀಯ ತರಬಹುದೇ, ತಂದರೆ ಶುಲ್ಕವೆಷ್ಟು. ಉತ್ತರ ಹಿಡಿಸದಿದ್ದರೆ ಅವರೇ ಹೇಳಿದಂತೆ ಬೇರೆ ಕಡೆ ಹೋಗಿ. ಬರೆದುಕೊಟ್ಟ ಉತ್ತರ ಗೇಟಿನಲ್ಲಿ ಬದಲಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.