ಮೂಲೆ ಸೇರಿದ್ದ ಮದ್ದು

ತಾಯಿಗೆ ಎಚ್‌ಐವಿ ಇದ್ದರೆ ಹುಟ್ಟುವ ಮಗುವಿಗೂ ಅದು ತಪ್ಪಿದ್ದಲ್ಲ ಎಂದು ನಂಬಿರುವ ಸಹೋದರಿಯರು ಇಂದಿಗೂ ಇದ್ದಾರೆ. ಇದು ಸರಿಯಲ್ಲ. ಚಿಕಿತ್ಸೆಯೇ ಇಲ್ಲದಿದ್ದಾಗಲೂ ಸೋಂಕು ತಗಲುವುದು ನೂರರಲ್ಲಿ 15ರಿಂದ 45 ಮಕ್ಕಳಿಗೆ. ಸಮಯಕ್ಕೆ ಸರಿಯಾಗಿ ಮದ್ದು ಸೇವಿಸಿದರೆ ಅದು ಐದಕ್ಕಿಂತಲೂ ಕೆಳಗಿಳಿಯುತ್ತದೆ.

ಈ ದಾರಿ ತೆರೆದ ಮದ್ದು ಹುಟ್ಟಿದ್ದು ಬೇರೆಯೇ ರೋಗಕ್ಕಾಗಿ. 1964ರಲ್ಲಿ ಅಮೇರಿಕದ ಡೆಟ್ರಾಯಿಟ್‌ನಲ್ಲಿ ಜೆರೋಮ್ ಹಾರ್ವಿಟ್ಜ್ ಎಂಬ ವಿಜ್ಞಾನಿ ಕ್ಯಾನ್ಸರ್ ಗುಣಪಡಿಸಲೆಂದು ಝಿಡೊವುಡಿನ್ ತಯಾರಿಸಿದರು. ಇಲಿಗಳ ಮೇಲೆ ಅದು ಫಲ ಕೊಡಲಿಲ್ಲ. ಬೇಸತ್ತ ಅವರು ಪೇಟೆಂಟ್ ಕೂಡಾ ಮಾಡಿಸದೆ ಅದನ್ನು ಬಿಟ್ಟುಬಿಟ್ಟರು. ಸುಮಾರು ಇಪ್ಪತ್ತು ವರ್ಷಗಳ ನಂತರ, 1985ರಲ್ಲಿ, ಸ್ಯಾಮುಯೆಲ್ ಬ್ರೋಡರ್, ಹಿರೋಆಕಿ ಮಿತ್ಸುಯಾ ಮತ್ತಿತರರು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದು ಎಚ್‌ಐವಿಯನ್ನು ತಡೆಯಿತು. 1987ರಲ್ಲಿ ಅಮೇರಿಕ ಅನುಮತಿ ನೀಡಿತು. ಎಚ್‌ಐವಿಗೆ ದೊರೆತ ಮೊದಲ ಮದ್ದು ಇದೇ.

ಇದು ನ್ಯೂಕ್ಲಿಯೊಸೈಡ್ ಎಂಬ ವರ್ಗಕ್ಕೆ ಸೇರಿದೆ. ಹೆಸರು ಕೇಳಿ ಪುಟ ಮಗುಚಬೇಡಿ, ವಿಷಯ ಸರಳ. ನಮ್ಮ ಜೀವಕೋಶದೊಳಗೆ ಹೊಕ್ಕ ವೈರಸ್ ತನ್ನ ಪ್ರತಿ ಮಾಡಿಕೊಳ್ಳಲು ಡಿಎನ್‌ಎಯ ಸರ ಪೋಣಿಸಬೇಕು. ನ್ಯೂಕ್ಲಿಯೊಸೈಡ್‌ಗಳಿಂದಾಗುವ ಘಟಕಗಳೇ ಅದರ ಮಣಿಗಳು. ಝಿಡೊವುಡಿನ್ ನೋಡಲು ಅಂಥದ್ದೇ ಮಣಿ. ಆದರೆ ಅದರ ತೂತು ಒಂದೇ ಕಡೆ. ವೈರಸ್ ಮೋಸಹೋಗಿ ಅದನ್ನು ಪೋಣಿಸುತ್ತದೆ. ಮುಂದಿನ ಮಣಿ ಸೇರುವುದಿಲ್ಲ, ಸರ ಅಲ್ಲಿಗೇ ನಿಲ್ಲುತ್ತದೆ.

ಒಂದೇ ಮದ್ದಾದರೆ ವೈರಸ್ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದ್ದರಿಂದ 1996ರಿಂದ ಮೂರು ಮದ್ದುಗಳನ್ನು ಜೊತೆಯಾಗಿ ಕೊಡುವ ಪದ್ಧತಿ ಬಂತು.

ಅದಕ್ಕೂ ಮೊದಲೇ, 1994ರಲ್ಲಿ, ತಾಯಂದಿರಿಗೆ ಸಿಹಿಸುದ್ದಿ ಬಂದಿತ್ತು. ಅಮೇರಿಕ ಮತ್ತು ಫ್ರಾನ್ಸ್‌ನ ಗರ್ಭಿಣಿಯರಿಗೆ, ಬಳಿಕ ಅವರ ಶಿಶುಗಳಿಗೆ ಆರು ವಾರ ಝಿಡೊವುಡಿನ್ ಕೊಟ್ಟಾಗ ಸೋಂಕು ತಗಲಿದ್ದು ನೂರರಲ್ಲಿ ಸುಮಾರು ಎಂಟು ಮಕ್ಕಳಿಗೆ. ಮದ್ದು ಸಿಗದವರಲ್ಲಿ ಇಪ್ಪತ್ತೈದು.

ಆದರೆ ಬಡವರಿಗೆ ಇದೆಲ್ಲಾ ಗಗನಕುಸುಮವಾಗಿತ್ತು. ವರ್ಷದ ಚಿಕಿತ್ಸೆಗೆ ಹತ್ತು ಸಾವಿರ ಡಾಲರಿಗೂ ಹೆಚ್ಚು! 2001ರಲ್ಲಿ ಮುಂಬೈಯ ಸಿಪ್ಲಾ ಕಂಪೆನಿಯ ಯೂಸುಫ್ ಹಮೀದ್, ಮೂರು ಮದ್ದುಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಸಾರಿದರು. ಅದರಲ್ಲಿ ಎರಡು ನ್ಯೂಕ್ಲಿಯೊಸೈಡ್‌ಗಳೇ. ಮದ್ದು ಕಂಡುಹಿಡಿದವರಷ್ಟೇ ದೊಡ್ಡ ಕೆಲಸ ಇದೆಂದು ನನಗನಿಸುತ್ತದೆ. 2004ರ ಎಪ್ರಿಲ್‌ನಿಂದ ನಮ್ಮ ಸರಕಾರ ಉಚಿತ ಚಿಕಿತ್ಸೆ ಆರಂಭಿಸಿತು.

ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. 'ನಮ್ಮಂಥವರಿಗೆ ಅದೆಲ್ಲಾ ಯಾಕೆ' ಎಂದು ಅತ್ತೆಯೋ ಪತಿಯೋ ಮೂಗು ಮುರಿಯಬಹುದು. ಪತಿಯೂ ಜೊತೆಗೆ ಹೋಗಿ ಪರೀಕ್ಷಿಸಿಕೊಳ್ಳಲಿ. ಫಲಿತಾಂಶವನ್ನು ಗುಟ್ಟಾಗಿಡುವುದು 2017ರ ಕಾನೂನಿನಂತೆ ಆಸ್ಪತ್ರೆಯ ಹೊಣೆ.